ಆ ಕಾಗದಕ್ಕೆ ಒರಿಜಿನಲ್ಲೇ ಇರಲಿಲ್ಲ

ಅಮೆರಿಕಕ್ಕೆ ಬಂದು 14 ತಿಂಗಳಿಗೇ ಟೆಕ್ಸಸ್‌ನ ಫ್ರಿಸ್ಕೋದಲ್ಲಿ ಮನೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ನಮಗೆ ಅಷ್ಟಕ್ಕೆ ಐದು ವರ್ಷ ಹಿಡಿದಿತ್ತು. ಕ್ರಯದ ಕಾಗದಪತ್ರ ನೋಡಿಕೊಳ್ಳುವ ಟೈಟಲ್ ಕಂಪನಿಯವರು ‘ಮನೆಯಿಂದಲೇ ಆನ್‌ಲೈನ್ ನೋಟರಿ ಮಾಡೋಣ’ ಅನ್ನುತ್ತಿದ್ದಾರೆ, ನಂಬಬಹುದಾ ಅಕ್ಕ ಅಂತ ಕೇಳಿದ್ದೀರಿ. ಊರಿನ ಜಮೀನಿನ ಕೆಲಸಕ್ಕೆ ಅಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿಯನ್ನೂ ಹಾಗೇ ಮಾಡಿಸಿ ಕಳಿಸಿಬಿಡಲಾ ಅಂತಲೂ ಕೇಳಿದ್ದೀರಿ.

ಮನೆಗಾದರೆ ನಂಬಬಹುದು. ಟೆಕ್ಸಸ್‌ನಲ್ಲಿ ಇದು 2018ರ ಜುಲೈನಿಂದ ಕಾನೂನಿನಲ್ಲೇ ಇದೆ. ಮೊದಲು ತಂದವರು ವರ್ಜೀನಿಯಾದವರು, 2012ರಲ್ಲಿ.

2009ರಲ್ಲಿ ನಮ್ಮ ಮನೆ ಆದಾಗ ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ರಿಜಿಸ್ಟ್ರೇಷನ್ ಅಂದರೆ ನಮಗೆ ಹಬ್ಬ ಅಲ್ವಾ! ಅಲ್ಲಿ ನೋಡಿದರೆ ಸಾಕ್ಷಿ ಇಲ್ಲ, ಹೆಬ್ಬೆಟ್ಟು ಇಲ್ಲ, ಫೋಟೊ ಇಲ್ಲ. ಒಬ್ಬ ಹೆಂಗಸು ನಮ್ಮ ಲೈಸೆನ್ಸ್ ನೋಡಿ, ಸಹಿ ಹಾಕಿಸಿಕೊಂಡು, ಸೀಲು ಒತ್ತಿದರು. ಆಕೆಯೇ ನೋಟರಿ, ವಕೀಲರೂ ಅಲ್ಲ. ಸಬ್ ರಿಜಿಸ್ಟ್ರಾರ್ ಎಲ್ಲಿ ಅಂತ ನಾನು ಹುಡುಕುತ್ತಿದ್ದೆ. ಇಲ್ಲಿ ಪತ್ರ ದಾಖಲಿಸುವವರು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್, ಅವರು ನಿಮ್ಮ ಮುಖ ನೋಡುವುದೇ ಇಲ್ಲ. ಮುಖ ನೋಡುವ ಕೆಲಸ ನೋಟರಿಯದು. ಈಗ ಅದೇ ಕೆಲಸ ವಿಡಿಯೊದಲ್ಲಿ ಆಗುತ್ತದೆ, ಆ ರೆಕಾರ್ಡಿಂಗನ್ನು ವರ್ಷಗಟ್ಟಲೆ ಇಟ್ಟಿರಬೇಕು. ಕ್ರಯಪತ್ರವೂ ಕಂಪ್ಯೂಟರಿನಿಂದಲೇ ಕೌಂಟಿಗೆ ಹೋಗಿ, ಎಷ್ಟೋ ಸಲ ಅವತ್ತೇ ನಂಬರ್ ಬಿದ್ದು ಬರುತ್ತದೆ. ಫ್ರಿಸ್ಕೋ ಊರು ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ನಿಮ್ಮದು ಯಾವುದು ನೋಡಿಟ್ಟುಕೊಳ್ಳಿ.

ಆದರೆ ಹೊಸಬರಿಗೆ ಒಂದು ತೊಡಕಿದೆ. ವಿಡಿಯೊ ಶುರುವಾಗುವ ಮುಂಚೆ ಐದು ಪ್ರಶ್ನೆ ಬರುತ್ತವೆ, ಎರಡು ನಿಮಿಷ ಟೈಮು, ನಾಲ್ಕಾದರೂ ಸರಿಯಾಗಬೇಕು. ಹಿಂದೆ ಯಾವ ಬೀದಿಯಲ್ಲಿದ್ದಿರಿ, ಯಾವ ಕಾರಿತ್ತು, ಇಂಥವು. ಇದೆಲ್ಲ ನಿಮ್ಮ ಹಳೆಯ ಸಾಲ, ವಿಳಾಸಗಳ ದಾಖಲೆಯಿಂದ ಬರುವುದು. 14 ತಿಂಗಳಲ್ಲಿ ನಿಮಗೆಲ್ಲಿಂದ ಬರಬೇಕು ಹಳೆಯ ದಾಖಲೆ? ನಿಮ್ಮ ಮನೆಯವರು ನಿಮ್ಮ ಅವಲಂಬಿತರಾಗಿ ಎಚ್-4 ವೀಸಾದಲ್ಲಿದ್ದು ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಅವರಿಗೆ ಇನ್ನೂ ಕಷ್ಟ. ಇಲ್ಲಿ ವಾಸದ ಮನೆಯ ಸಾಲ ನಿಮ್ಮೊಬ್ಬರ ಹೆಸರಲ್ಲಿದ್ದರೂ ಸಾಮಾನ್ಯವಾಗಿ ಅವರ ಸಹಿಯನ್ನೂ ಕೇಳುತ್ತಾರೆ. ಇನಿಷಿಯಲ್ ಬಿಡಿಸಿದ ಹೆಸರು ಪಾಸ್‌ಪೋರ್ಟಲ್ಲಿ ಒಂದು, ಲೈಸೆನ್ಸಲ್ಲಿ ಇನ್ನೊಂದು ಥರ ಇದ್ದರೆ ಅದೂ ಒಂದು ಗೋಳು. ಸುಮ್ನೆ ಇಬ್ಬರೂ ಆಫೀಸಿಗೇ ಹೋಗಿ ಪೆನ್ನಿನಲ್ಲಿ ಸಹಿ ಹಾಕಿ ಬನ್ನಿ. ಸೀರೆ ಉಡಲು ಒಂದು ನೆಪವೂ ಆಗುತ್ತದೆ. ಆಮೇಲೆ ‘95 ಡಾಲರ್ ಕೊಟ್ಟರೆ ನಿಮ್ಮ ಪತ್ರದ ನಕಲು ಕೊಡುತ್ತೇವೆ’ ಅಂತ ಸರ್ಕಾರಿ ಕಾಗದದಂತೆ ಕಾಣುವ ಪತ್ರಗಳು ಬರುತ್ತವೆ. ಹರಿದು ಹಾಕಿ, ಕೌಂಟಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.

ಇನ್ನು ಅಪ್ಪನ ಪವರ್ ಆಫ್ ಅಟಾರ್ನಿ. ದಯವಿಟ್ಟು ಆನ್‌ಲೈನ್‌ನಲ್ಲಿ ಮಾಡಿಸಬೇಡಿ.

2020ರಲ್ಲಿ ನಾವು ಅಡುಗೆಮನೆಯಲ್ಲೇ ಕೂತು, ಒಲೆಯ ಮೇಲೆ ಸಾರು ಕುದಿಯುತ್ತಿದ್ದ ಹಾಗೇ ಮನೆ ಸಾಲ ಬದಲಿಸುವ ಕಾಗದಗಳಿಗೆ ಆನ್‌ಲೈನ್ ನೋಟರಿ ಮುಗಿಸಿದ್ದೆವು. ಆ ಜಂಬ ನನ್ನ ತಲೆಗೇರಿತ್ತು. ಮರುವರ್ಷ ಅಮ್ಮನ ಹೆಸರಿನಲ್ಲಿದ್ದ ಹಾಸನದ ಮನೆಯ ಖಾತೆ ತಮ್ಮನಿಗೆ ಮಾಡಬೇಕಿತ್ತು. ನಾನು ಹಕ್ಕು ಬಿಡುಗಡೆ ಪತ್ರ ಕೊಡಬೇಕು, ನನ್ನ ಪರವಾಗಿ ಅಪ್ಪ ಸಹಿ ಹಾಕುವುದು ಅಂತಾಯಿತು. ಹ್ಯೂಸ್ಟನ್ನಿನ ಭಾರತೀಯ ಕಾನ್ಸುಲೇಟು ನಮ್ಮಿಂದ ಕಾರಿನಲ್ಲಿ ನಾಲ್ಕು ಗಂಟೆ. ಯಾರು ಹೋಗುತ್ತಾರೆ ಅಂತ ಇಪ್ಪತ್ತು ನಿಮಿಷದಲ್ಲಿ ಆನ್‌ಲೈನ್ ನೋಟರಿ ಮಾಡಿಸಿ ಪಿಡಿಎಫ್ ಕಳಿಸಿದೆ. ಅಪ್ಪ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿದರು, ಸೀಲು ಚೆನ್ನಾಗಿ ಕಾಣಲಿ ಅಂತ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆಳಗ್ಗೆ ಹತ್ತಕ್ಕೆ ಟೋಕನ್. ಸಾಕ್ಷಿಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿದ್ದರು. ಅವರ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ‘ಒರಿಜಿನಲ್ ಎಲ್ಲಿ?’ ಅಂದರಂತೆ ಆಫೀಸಿನವರು. ಅಪ್ಪ ಕೌಂಟರಿನ ಹತ್ತಿರದಿಂದಲೇ ನನಗೆ ಫೋನ್ ಮಾಡಿದರು, ಇಲ್ಲಿ ಬೆಳಗಿನ ಜಾವ ಐದು ಗಂಟೆ. ಅದಕ್ಕೆ ಒರಿಜಿನಲ್ಲೇ ಇಲ್ಲ, ಕಂಪ್ಯೂಟರಿನಲ್ಲಿರುವುದೇ ಒರಿಜಿನಲ್ಲು ಅಂತ ನಿದ್ದೆಗಣ್ಣಲ್ಲಿ ಹೇಳಿದೆ. 76 ವರ್ಷದ ಅಪ್ಪ, ಸ್ಕೂಲ್ ಮೇಷ್ಟ್ರಾಗಿದ್ದವರು, ಅದನ್ನು ಅಷ್ಟು ಜನರ ಮುಂದೆ ಹಾಗೇ ಒಪ್ಪಿಸಿದರು. ಹಿಂದೆ ಯಾರೋ ನಕ್ಕಿದ್ದು ನನಗೆ ಫೋನಿನಲ್ಲಿ ಕೇಳಿಸಿತು.

ತಪ್ಪು ಆಫೀಸಿನವರದಲ್ಲ. ನಮ್ಮ 2000ದ ಐಟಿ ಕಾಯ್ದೆಯೇ ಪವರ್ ಆಫ್ ಅಟಾರ್ನಿಯನ್ನು ಎಲೆಕ್ಟ್ರಾನಿಕ್ ದಾಖಲೆಗಳಿಂದ ಹೊರಗಿಟ್ಟಿದೆ. 2022ರಲ್ಲಿ ಕೊಟ್ಟ ಸಡಿಲಿಕೆ ಬ್ಯಾಂಕುಗಳಂಥವಕ್ಕೆ ಮಾತ್ರ, ನಮ್ಮ ನಿಮ್ಮ ಅಪ್ಪಂದಿರಿಗಲ್ಲ. ಒಂದು ಗಂಟೆ ಹುಡುಕಿ ಓದಿದ್ದರೆ ನನಗೆ ಅವತ್ತೇ ಗೊತ್ತಾಗುತ್ತಿತ್ತು.

ನೀವು ಕಾಗದದ ಮೇಲೆ, ಶಾಯಿಯಲ್ಲಿ ಸಹಿ ಮಾಡಿ. ಕಾನ್ಸುಲೇಟಿನ ಮೂಲಕ ದೃಢೀಕರಿಸಿ, ಇಲ್ಲವೇ ನೋಟರಿ ಎದುರು ಸಹಿ ಹಾಕಿ ಟೆಕ್ಸಸ್ ಸೆಕ್ರೆಟರಿ ಆಫ್ ಸ್ಟೇಟ್ ಹತ್ತಿರ ಅಪಾಸ್ಟಿಲ್ (ಹೊರದೇಶದಲ್ಲಿ ತೋರಿಸಲು ಹಾಕುವ ಸರ್ಕಾರಿ ದೃಢೀಕರಣ) ಮಾಡಿಸಿ. ಯಾವುದು ನಡೆಯುತ್ತದೆ ಅಂತ ಅಪ್ಪ ಆ ಆಫೀಸಿನಲ್ಲೇ ಮೊದಲು ಕೇಳಿ ಬರಲಿ. ಒರಿಜಿನಲ್ಲನ್ನು ಕೊರಿಯರಿನಲ್ಲಿ ಕಳಿಸಿ. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಶುಲ್ಕ ಕಟ್ಟಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಎಲ್ಲ ಕೆಲಸಕ್ಕೂ ಅಧಿಕಾರ ಕೊಡುವ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬೇಡ, ಈ ಒಂದು ಕೆಲಸಕ್ಕೆ ಅಂತಲೇ ಬರೆಸಿ. ಒಕ್ಕಣೆ ಇಲ್ಲಿ ಇಂಟರ್ನೆಟ್ಟಿನಿಂದ ಎತ್ತಬೇಡಿ. ಊರಿನ ಪತ್ರ ಬರಹಗಾರರಿಂದ ಸರ್ವೆ ನಂಬರ್, ಚಕ್ಕುಬಂದಿ ಎಲ್ಲ ಹಾಕಿಸಿ ತರಿಸಿಕೊಳ್ಳಿ.

ನಾನು ಆಮೇಲೆ ಹ್ಯೂಸ್ಟನ್ನಿಗೆ ಹೋಗಿಬಂದೆ, ಕೆಲಸವೂ ಆಯಿತು. ಆ ಕಲರ್ ಪ್ರಿಂಟನ್ನು ಅಪ್ಪ ಇನ್ನೂ ಬಿಸಾಕಿಲ್ಲ, ಬೀರುವಿನಲ್ಲಿ ಖಾತೆ ಕಾಗದಗಳ ಜೊತೆ ಇದೆ. ಹೋದ ಸಲ ಹೋದಾಗ ಕೇಳಿದೆ. ‘ಇರಲಿ ಬಿಡು, ದುಡ್ಡು ಕೊಟ್ಟು ಮಾಡಿಸಿದ್ದೀಯ’ ಅಂದರು.