ಮೊದಲು ಯಾವ ಆಲ್ಬಂ ಕೇಳಲಿ?

ಪ್ರಶ್ನೆ: ಅಮೆರಿಕದ ಕಂಟ್ರಿ ಸಂಗೀತದಲ್ಲಿ ತಾವೇ ಬರೆದು ಹಾಡುವವರನ್ನು ಕೇಳಬೇಕೆಂಬ ಆಸೆ. ಯಾರ ಚೊಚ್ಚಲ ಆಲ್ಬಂನಿಂದ ಶುರು ಮಾಡಲಿ, ಮೇಡಂ?

ಉತ್ತರ: ಜಾನ್ ಪ್ರೈನ್ ಅವರಿಂದಲೇ ಶುರು ಮಾಡಿ. 1971ರಲ್ಲಿ ಬಂದ ಆ ಆಲ್ಬಂಗೆ ಅವರದೇ ಹೆಸರು. ಅದಕ್ಕೂ ಮುಂಚೆ ಅವರು ಶಿಕಾಗೋ ಆಸುಪಾಸಿನಲ್ಲಿ ಪೋಸ್ಟ್‌ಮ್ಯಾನ್. ಕಾಗದ ಹಂಚುತ್ತಾ ನಡೆಯುವಾಗಲೇ ಹಾಡು ಕಟ್ಟುತ್ತಿದ್ದರು. ಹೆಸರಾಂತ ಕಂಟ್ರಿ ಗಾಯಕ ಕ್ರಿಸ್ ಕ್ರಿಸ್ಟೋಫರ್ಸನ್ ಶಿಕಾಗೋದಲ್ಲಿ ಇವರ ಹಾಡು ಕೇಳಿ ಬೆರಗಾದ ಮೇಲೆ ದಾರಿ ತೆರೆಯಿತು.

ಆ ಆಲ್ಬಂನ ‘ಹಲೋ ಇನ್ ದೇರ್’ ಹಾಡನ್ನು ನಾನು ಮೊದಲ ಸಲ ಕೇಳಿದ್ದು ಪಾತ್ರೆ ತೊಳೆಯುವಾಗ. ನಲ್ಲಿ ನಿಲ್ಲಿಸಿ, ಕೈಯಲ್ಲಿ ಲೋಟ ಹಿಡಿದೇ ನಿಂತುಬಿಟ್ಟೆ. ಮಕ್ಕಳೆಲ್ಲ ದೂರವಾದ ಮುದಿ ದಂಪತಿ. ಹಿಂಬಾಗಿಲ ಜಾಲರಿಯಾಚೆ ಸುಮ್ಮನೆ ದಿಟ್ಟಿಸುವ ಹೆಂಡತಿ. ಕೊರಿಯಾ ಯುದ್ಧದಲ್ಲಿ ಮಡಿದ ಮಗ. ಅದು ಯಾತಕ್ಕೆಂದು ಇಂದಿಗೂ ತಿಳಿಯದ ಅಪ್ಪ. ಇದನ್ನು ಬರೆದಾಗ ಪ್ರೈನ್‌ಗೆ 25 ಕೂಡ ತುಂಬಿರಲಿಲ್ಲ! ದನಿ ತುಸು ಒರಟು, ಗಿಟಾರ್ ಸರಳ. ಆ ವಯಸ್ಸಿಗೆ ಅಷ್ಟೊಂದು ಕರುಣೆ ಎಲ್ಲಿಂದ ಬಂತೋ ಎಂದು ನನಗೆ ಇವತ್ತಿಗೂ ಅಚ್ಚರಿ.

ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ‘ಸ್ಯಾಮ್ ಸ್ಟೋನ್’ ಮಾತ್ರ ಮಲಗುವ ಮುಂಚೆ ಬೇಡ. ಯುದ್ಧದಿಂದ ಮರಳಿ ಮಾರ್ಫಿನ್ ಚಟಕ್ಕೆ ಬಿದ್ದ ಸೈನಿಕ, ಅವನನ್ನು ನೋಡುತ್ತಾ ಬೆಳೆಯುವ ಮಕ್ಕಳು. ನಿದ್ದೆ ಹತ್ತುವುದಿಲ್ಲ.