ಬಾಟಲಿ ಫ್ರೀಜರಿನಲ್ಲಿತ್ತು, ನಾನು ಅಡುಗೆಮನೆಯಲ್ಲಿದ್ದೆ

ವಾರಕ್ಕೊಮ್ಮೆ ಗೆಳೆಯರನ್ನು ಊಟಕ್ಕೆ ಕರೆಯುತ್ತೀರಿ, ಯಾವ ಖಾದ್ಯಕ್ಕೆ ಯಾವ ವೈನ್ ಎಂಬುದನ್ನು ಕಲಿತರೆ ಆ ಸಂಜೆಗಳು ಇನ್ನಷ್ಟು ರುಚಿಸುತ್ತವೆಯೇ ಎಂದು ಕೇಳಿದ್ದೀರಿ. ನಾನು ಕಲಿತೆ. ಎರಡು ವರ್ಷ ಹಟ ಹಿಡಿದು ಕಲಿತೆ. ಕೆಂಪು ವೈನಿನ ಒಗರು ಕೊಬ್ಬಿರುವ ಮಾಂಸದ ಜೊತೆ ಮೆತ್ತಗಾಗುತ್ತದೆ, ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುವುದರಿಂದ ಖಾರದ ಅಡುಗೆಗೆ ತುಸು ಸಿಹಿಯಾದ, ಹಗುರವಾದ ಬಿಳಿ ವೈನ್ ವಾಸಿ, ಇದೆಲ್ಲ ಬಾಯಿಪಾಠವಾಗಿತ್ತು. ಅಡುಗೆಮನೆಗೆ ಒಂದು ಥರ್ಮಾಮೀಟರ್ ಕೂಡ ಬಂದು ಸೇರಿತ್ತು.

ಆ ಸಂಜೆ ಐದು ಜನ, ಮೂರು ಬಾಟಲಿ, ನಾಲ್ಕು ಖಾದ್ಯ. ಮೂರನೆಯ ಖಾದ್ಯಕ್ಕೆಂದು ಇಟ್ಟಿದ್ದ ಬಿಳಿ ವೈನ್ 10 ಡಿಗ್ರಿಗೆ ಇಳಿದಿರಬೇಕಿತ್ತು. ಥರ್ಮಾಮೀಟರ್ ಇಪ್ಪತ್ತರ ಮೇಲೆಯೇ ನಿಂತಿತ್ತು. ಇಪ್ಪತ್ತು ನಿಮಿಷ ಸಾಕು ಎಂದುಕೊಂಡು ಬಾಟಲಿಯನ್ನು ಫ್ರೀಜರಿನೊಳಗೆ ತಳ್ಳಿ, ಅದನ್ನು ಮರೆತೇಬಿಟ್ಟೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂದಿಗೂ ನನಗದನ್ನು ತಡೆದುಕೊಳ್ಳಲಾಗುವುದಿಲ್ಲ. ಮನೆಯ ಫ್ರೀಜರ್ ಇರುವುದು ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿ. ಸಾಧಾರಣ ವೈನ್ ಮೈನಸ್ 5–6 ಡಿಗ್ರಿಗೇ ಹೆಪ್ಪುಗಟ್ಟಲು ಶುರುವಾಗುತ್ತದೆ. ವೈನಿನಲ್ಲಿ ಬಹುಪಾಲು ನೀರೇ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಬಾಟಲಿಯ ಕುತ್ತಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಮೂರು ಗಂಟೆ ಕಳೆದು ಬಾಗಿಲು ತೆರೆದಾಗ ಕಾರ್ಕ್ ಹೊರಗೆ ಬಂದಿತ್ತು, ಅರ್ಧ ವೈನ್ ಐಸಿನ ಟ್ರೇ ಮೇಲೆ ಅಂಟಿಕೊಂಡಿತ್ತು. ಬಕೆಟ್ಟಿಗೆ ಮಂಜುಗಡ್ಡೆ, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಇಟ್ಟಿದ್ದರೆ ಕಾಲು ಗಂಟೆಯಲ್ಲಿ ತಣ್ಣಗಾಗುತ್ತಿತ್ತು. ಫ್ರೀಜರಿನ ಗಾಳಿಗಿಂತ ತಣ್ಣೀರು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಇದೂ ನನಗೆ ಗೊತ್ತಿತ್ತು! ಮೇಜಿನ ಮೇಲೆ ಬಕೆಟ್ ಚೆನ್ನಾಗಿ ಕಾಣುವುದಿಲ್ಲ ಎಂದು ಬೇಡವೆಂದಿದ್ದೆ.

ಹಾಗಾಗಿ ಅರ್ಧ ಗಂಟೆ ಮಂಡಿಯೂರಿ ಫ್ರೀಜರ್ ಒರೆಸಿದೆ. ಗೋಡೆಯಾಚೆ ಒಬ್ಬ ಗೆಳೆಯ ನನ್ನದೇ ಯಾವುದೋ ಹಳೆಯ ಕಥೆ ಹೇಳುತ್ತಿದ್ದ. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಕೈ ಒರೆಸಿಕೊಂಡು ಬಂದು ಏನದು ಎಂದು ಕೇಳಿದೆ. ‘ಬಿಡು, ಆಗಲೇ ಕೇಳಬೇಕಿತ್ತು’ ಎಂದರು. ನಗುವಿನ ನಡುವೆ ಅವನು ಇನ್ನೊಂದನ್ನೂ ಹೇಳಿದ್ದನಂತೆ: ಕೆಲಸ ಸಿಕ್ಕಿದೆ, ಮುಂದಿನ ವಾರ ದೇಶ ಬಿಟ್ಟು ಹೋಗುತ್ತಿದ್ದೇನೆ ಎಂದು. ನನಗದು ತಿಳಿದದ್ದು ಅವನು ಹೊರಡುವಾಗ, ಬಾಗಿಲ ಬಳಿ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾಗ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೊಂದಾಣಿಕೆ ತಪ್ಪಿದರೆ ಆಗುವುದೇನು? ಒಂದೆರಡು ಗುಟುಕು ಒಗರೆನಿಸುತ್ತದೆ, ಅಷ್ಟೆ. ಒಂದೇ ಬಗೆಯ ವೈನ್ ತನ್ನಿ, ನಿಮಗೆ ಇಷ್ಟವಾದದ್ದನ್ನೇ ತನ್ನಿ. 750 ಮಿಲಿಲೀಟರ್ ಬಾಟಲಿಯಲ್ಲಿ 150ರಂತೆ ಐದು ಗ್ಲಾಸ್ ಸಿಗುತ್ತದೆ, ಐದು ಜನರಿಗೆ ಮೊದಲ ಸುತ್ತು ಮುಗಿಯಿತು. ಉಳಿದರೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ದಿನಕ್ಕೆ ಮೋಸವಿಲ್ಲ. ಕುಡಿಯದವರನ್ನು ಏಕೆಂದು ಕೇಳಬೇಡಿ. ಆರಿದರೂ ರುಚಿಗೆಡದ ಅಡುಗೆ ಮಾಡಿ, ಎಲ್ಲವನ್ನೂ ಒಟ್ಟಿಗೇ ಮೇಜಿನ ಮೇಲಿಟ್ಟು ಕುಳಿತುಬಿಡಿ. ವೈನಿನ ಬಗ್ಗೆ ಯಾರಾದರೂ ಕೇಳಿದರೆ ಎರಡು ವಾಕ್ಯ ಹೇಳಿ. ಕೇಳದಿದ್ದರೆ, ದಯವಿಟ್ಟು, ಸುಮ್ಮನಿರಿ.

ಈಗ ನನ್ನ ಮೇಜಿನ ಮೇಲೆ ಬಕೆಟ್ ಇರುತ್ತದೆ. ನೋಡಲು ಅಂದವಾಗಿಲ್ಲ, ಬಟ್ಟೆಯೆಲ್ಲ ಒದ್ದೆ. ಕಳೆದ ವರ್ಷ ಆ ಗೆಳೆಯ ರಜೆಯ ಮೇಲೆ ಬಂದಿದ್ದ. ಬಾಟಲಿ ಎತ್ತಿದಾಗ ತೊಟ್ಟಿಕ್ಕಿದ ಉಪ್ಪುನೀರು ನೇರವಾಗಿ ಅವನ ತಟ್ಟೆಗೆ ಬಿತ್ತು. ಆ ಹಳೆಯ ಕಥೆಯನ್ನು ಇನ್ನೊಮ್ಮೆ ಹೇಳು ಎಂದು ಪೀಡಿಸಿದೆ. ಹೇಳಿದ. ನಡುವಿನ ಭಾಗ ಅವನಿಗೂ ಮರೆತುಹೋಗಿತ್ತು.