ಕುದುರೆಗೆ ಒಂದೇ ವಾರದಲ್ಲಿ ಸೋಮಾರಿತನ ಬರುವುದಿಲ್ಲ, ಮೊದಲು ಜ್ವರ ನೋಡಿ

ಯಲಹಂಕದ ಆಚೆ ಲಾಯದಲ್ಲಿರುವ ನಿಮ್ಮ ಏಳು ವರ್ಷದ ಹೆಣ್ಣು ಕುದುರೆ ಹೋದ ವಾರದವರೆಗೂ ಚುರುಕಾಗಿತ್ತು ಅಂದಿದ್ದೀರಿ. ಈಗ ತಲೆ ತಗ್ಗಿಸಿ ಮೂಲೆಯಲ್ಲಿ ನಿಲ್ಲುತ್ತದೆ, ಜೀನು ತಂದರೆ ಕಿವಿ ಹಿಂದಕ್ಕೆ ಮಡಿಚಿ ಕಚ್ಚಲು ಬರುತ್ತದೆ, ಬಕೆಟ್ಟಿನಲ್ಲಿ ಅರ್ಧ ದಾಣಿ ಹಾಗೇ ಉಳಿಯುತ್ತದೆ. ಕುದುರೆ ನೋಡಿಕೊಳ್ಳುವ ಸೈಸ್ ದೃಷ್ಟಿಯಾಗಿದೆ ಅಂತಾರೆ. ಸವಾರಿ ಕಲಿಸುವವರು ಕೊಬ್ಬು ಜಾಸ್ತಿಯಾಗಿದೆ, ಎರಡು ಏಟು ಬಿದ್ದರೆ ಸರಿಹೋಗುತ್ತದೆ ಅಂತಾರೆ. ಯಾರ ಮಾತು ಕೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ದೃಷ್ಟಿ ಬೇಕಿದ್ದರೆ ತೆಗೆಸಿ, ನಷ್ಟವೇನಿಲ್ಲ. ಏಟು ಮಾತ್ರ ಬೇಡವೇ ಬೇಡ. ನಾನು ಡಾಕ್ಟರಲ್ಲ, ಕುದುರೆ ಸಾಕಿದವನು. ನನ್ನ ಮಟ್ಟಿಗೆ, ಕುದುರೆಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಮೈಯಲ್ಲಿ ಏನೋ ಇದೆ ಅಂತಲೇ ಲೆಕ್ಕ. ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ ನಡತೆಯ ಮಾತು.

ಇವತ್ತೇ ಮೆಡಿಕಲ್ ಶಾಪಿನಿಂದ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ತನ್ನಿ. ಅದರ ಹಿಂಬದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿ. ಇಲ್ಲದಿದ್ದರೆ ಒಳಗೆ ಜಾರೀತು, ಇಲ್ಲವೇ ಕೆಳಗೆ ಬಿದ್ದು ಒಡೆದೀತು. ಸೈಸ್ ತಲೆ ಹಿಡಿದಿರಲಿ. ನೀವು ನೇರ ಹಿಂದೆ ನಿಲ್ಲದೆ ಸೊಂಟದ ಪಕ್ಕಕ್ಕೆ ಮೈ ಒತ್ತಿ ನಿಂತು, ಬಾಲ ಸರಿಸಿ, ತುದಿಗೆ ವ್ಯಾಸಲೀನ್ ಹಚ್ಚಿ ಗುದದೊಳಗೆ ಸ್ವಲ್ಪ ಓರೆಯಾಗಿ ಹಾಕಿ. ಸುಮ್ನೆ ನಿಂತ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 101.5 ದಾಟಿದರೆ ಜ್ವರ ಅಂದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕೆಲವು ದಿನ ಬಿಡದೆ ನೋಡಿ ಬರೆದಿಡಿ. ಒಂದೇ ಸಲ ನೋಡಿ ಸರಿಯಿದೆ ಅಂದುಬಿಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಸರ್ರಾ ರೋಗ. ರಕ್ತದಲ್ಲಿ ಟ್ರಿಪನೊಸೋಮ ಅನ್ನುವ ಪರಾವಲಂಬಿ ಸೇರಿ ಬರುವ ಕಾಯಿಲೆ ಇದು. ಕಚ್ಚುವ ದೊಡ್ಡ ನೊಣಗಳು ಹರಡುತ್ತವೆ, ಮಳೆಗಾಲದಲ್ಲೂ ಅದರ ಬೆನ್ನಿಗೂ ಜಾಸ್ತಿ. ದನ, ಎಮ್ಮೆಗಳ ರಕ್ತದಲ್ಲಿ ಇದು ಯಾವ ಲಕ್ಷಣವೂ ತೋರದೆ ಇರಬಹುದು. ಯಲಹಂಕ, ದೊಡ್ಡಬಳ್ಳಾಪುರದ ಕಡೆ ಲಾಯದ ಬೇಲಿಗೆ ಅಂಟಿಕೊಂಡೇ ಹಸುವಿನ ಕೊಟ್ಟಿಗೆ ಇರುತ್ತದೆ ಅಲ್ವಾ? ಜ್ವರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನಡುವೆ ಚೆನ್ನಾಗಿರುವ ದಿನ ನೋಡಿ ಎಲ್ಲರೂ ಮೋಸಹೋಗುತ್ತಾರೆ. ಆಮೇಲೆ ಮೈ ಸೊರಗುತ್ತದೆ, ಹೊಟ್ಟೆಯ ಕೆಳಗೆ, ಕಾಲಲ್ಲಿ ಊತ ಬರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಕುದುರೆ ಉಳಿಯುವುದು ಕಷ್ಟ. ರಕ್ತ ತೆಗೆಯಬೇಕಾದದ್ದು ಜ್ವರ ಏರಿದ ಹೊತ್ತಿನಲ್ಲಿ, ಆಗಲೇ ಪರಾವಲಂಬಿ ಕಾಣುವ ಸಾಧ್ಯತೆ ಜಾಸ್ತಿ. ನಿಮ್ಮ ಜ್ವರದ ಚೀಟಿ ಡಾಕ್ಟರಿಗೆ ಕೆಲಸಕ್ಕೆ ಬರುವುದು ಇಲ್ಲೇ. ಉಣುಗು ಕಚ್ಚಿ ಬರುವ ಜ್ವರವಿದ್ದರೂ ಅದೇ ರಕ್ತದಲ್ಲಿ ನೋಡಬಹುದು. ತುಟಿ ಎತ್ತಿ ವಸಡು ನೋಡಿ: ತೆಳು ಗುಲಾಬಿ ಇರಬೇಕು, ಬೆರಳು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬಿಳಿಚಿದ್ದರೆ, ಹಳದಿಯಿದ್ದರೆ ತಡ ಮಾಡಬೇಡಿ.

ಜ್ವರವೇ ಇಲ್ಲ ಅಂತಾದರೆ ನನ್ನ ಅನುಮಾನ ಹೊಟ್ಟೆಯ ಹುಣ್ಣಿನ ಮೇಲೆ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚುವುದು, ಹುಲ್ಲು ತಿಂದು ದಾಣಿ ಬಿಡುವುದು ಅದರ ಲಕ್ಷಣ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ತಿಂದರೂ ಸರಿ, ತಿನ್ನದಿದ್ದರೂ ಸರಿ. ದಿನವಿಡೀ ಮೇಯುವ ಪ್ರಾಣಿಗೆ ಅದು ತೊಂದರೆಯಲ್ಲ. ನಮ್ಮೂರಲ್ಲಿ ಹುಲ್ಲಿನ ಬೆಲೆ ನೋಡಿ ಎರಡು ಹೊತ್ತು ಹುರುಳಿ, ಬೂಸಾ, ಓಟ್ಸ್ ಕೊಟ್ಟು, ಉಳಿದ ಹೊತ್ತು ಖಾಲಿ ಗೋಡೆ ನೋಡಿಕೊಂಡು ನಿಲ್ಲಿಸುತ್ತೇವೆ. ಹುಣ್ಣಾಗದೆ ಇನ್ನೇನಾಗುತ್ತದೆ? ಖಚಿತವಾಗಿ ತಿಳಿಯಲು ಎಂಡೋಸ್ಕೋಪಿಯೇ ಬೇಕು. ಅಲ್ಲಿಯವರೆಗೆ ದಾಣಿ ಕಡಿಮೆ ಮಾಡಿ ಮುಂದೆ ಹುಲ್ಲು ಸದಾ ಇರುವ ಹಾಗೆ ನೋಡಿಕೊಳ್ಳಿ.

ಹಲ್ಲಿನ ಚೂಪು ಅಂಚು, ಬೆನ್ನಿಗೆ ಒತ್ತುವ ಜೀನು, ಗೊರಸಿನ ಬಿಸಿ, ಇವನ್ನೂ ಡಾಕ್ಟರ್ ನೋಡಲಿ. ಬೆದೆಗೆ ಬಂದಾಗಲೂ ಹೆಣ್ಣು ಕುದುರೆ ಸಿಡುಕುತ್ತದೆ ನಿಜ, ಆದರೆ ಸುಮಾರು ಮೂರು ವಾರಕ್ಕೊಮ್ಮೆ ಬಂದು ಹೋಗುವ ಸಿಡುಕು ಅದು. ತಲೆ ತಗ್ಗಿಸಿ ದಾಣಿ ಬಿಡುವುದಕ್ಕೆ ಬೆದೆಯ ಹೆಸರು ಹೇಳಬೇಡಿ.

ಕಾಯಲೇಬಾರದ ಸಂದರ್ಭ: ಲದ್ದಿ ನಿಂತಿದೆ, ಪಕ್ಕೆ ತಿರುಗಿ ನೋಡುತ್ತದೆ, ಕಾಲು ಕೆರೆಯುತ್ತದೆ, ಉರುಳಾಡುತ್ತದೆ. ಅದು ಕಾಲಿಕ್, ಅಂದರೆ ಕುದುರೆಯ ತೀವ್ರ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗಿನದು ಒಳಗೇ ಉಬ್ಬುತ್ತದೆ. ರಾತ್ರಿಯಾದರೂ ಫೋನ್ ಮಾಡಿ. ಯಾರೋ ಹೇಳಿದರು ಅಂತ ಬಾಟಲಿಯಲ್ಲಿ ಎಣ್ಣೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಕೊಲ್ಲುತ್ತದೆ.

ಲಾಯದಲ್ಲಿ ಯಾರಾದರೂ ನೋವಿನ ಇಂಜೆಕ್ಷನ್ ಚುಚ್ಚಲು ಬಂದರೆ, ಡಾಕ್ಟರ್ ನೋಡುವ ಮೊದಲು ಬೇಡ ಅನ್ನಿ. ಜ್ವರ ಮುಚ್ಚಿಹೋಗುತ್ತದೆ, ಹುಣ್ಣಿದ್ದರೆ ಇನ್ನೂ ಕೆದರುತ್ತದೆ. ಕುದುರೆ ನೋಡುವ ಡಾಕ್ಟರ್ ಹತ್ತಿರ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನೊಂದು ವಿಷಯ ನೀವು ಬರೆದಿಲ್ಲ. ಪಕ್ಕದ ಲಾಯದಲ್ಲಿದ್ದ ಕುದುರೆ ಮಾರಾಟವಾಯಿತಾ? ಸೈಸ್ ಬದಲಾದರಾ? ಜೊತೆಗಾರ ಹೋದರೆ ಕುದುರೆ ಮಂಕಾಗುವುದು ನಿಜವೇ. ಹಾಗಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ, ಆದರೆ ಜ್ವರದ ಚೀಟಿ ತೋರಿಸಿದ ಮೇಲೆ.